ದ್ರಾಕ್ಷಿ ಚಪ್ಪರ ಒಣಗಿದ ಮೇಲೆ

ಹಡಗು ದ್ವೀಪದ ಪ್ಲಾಕಾ ಕೊಲ್ಲಿಯೊಳಕ್ಕೆ ತಿರುಗಿದಾಗ ಬೆಳಗಿನ ಆರು ಗಂಟೆ. ಇಲ್ಲಿ ನೆಲ ಕಣ್ಣಿಗೆ ಬೀಳುವ ಮೊದಲೇ ಮೂಗಿಗೆ ಸಿಗುತ್ತದೆ. ಹಗಲೆಲ್ಲ ಬೆಂದು ರಾತ್ರಿ ಆರಿದ ಗುಡ್ಡ, ಅದರ ಮೇಲಿನ ಒಣ ಗಿಡಗಳ ಘಾಟು, ಎಲ್ಲೋ ಸುಡುತ್ತಿರುವ ರೊಟ್ಟಿ. ಮೇಲಿನ ಡೆಕ್ಕಿನ ಬೆಂಚಿನ ಮೇಲೆ ಅರೆನಿದ್ದೆಯಲ್ಲಿದ್ದ ಎವಾಂಥಿಯಾ ಆ ವಾಸನೆಗೇ ಎಚ್ಚೆತ್ತು, ಅಭ್ಯಾಸಬಲದಿಂದ ಪಕ್ಕಕ್ಕೆ ಕೈ ಚಾಚಿ ಗಂಡನನ್ನು ಅಲುಗಿಸಲು ಹೋದಳು. ಕೈಗೆ ಸಿಕ್ಕಿದ್ದು ದಿಂಬಿನ ಗಂಟು.

ಗಂಡ ಮಾಂಥೋಸ್ ಪಿರೇಯಸ್ ಪಟ್ಟಣದ ಮನೆಯಲ್ಲಿ ಕಿಟಕಿ ಪಕ್ಕ ಕಾಲು ನೀಡಿಕೊಂಡು ಕೂತಿದ್ದ. ಬರುವುದಿಲ್ಲ ಎಂದುಬಿಟ್ಟಿದ್ದ. ಕರೆಯದ ಮನೆಗೆ ತಾನು ಕಾಲಿಡುವವನಲ್ಲ, ಅವಳಿಗೆ ಮಾನವಿಲ್ಲದಿದ್ದರೆ ಅವಳು ಹೋಗಲಿ ಎಂದು ಗೋಡೆ ಕಡೆ ಮುಖ ಮಾಡಿಕೊಂಡು ಹೇಳಿದ್ದ. ಹೋಗಲೇಬೇಕಿತ್ತು ಅವಳಿಗೆ. ಮೂವತ್ತೊಂದು ಬೇಸಿಗೆ ಅವರಿಬ್ಬರೂ ಇಲ್ಲಿ ಅರ್ಗಿರೋ ಅಕ್ಕನ ಮನೆಯ ಮಹಡಿಯ ಬಾಡಿಗೆ ಕೋಣೆಯಲ್ಲೇ ಕಳೆದವರು. ಆ ಕೋಣೆಯ ಗೋಡೆಗೆ ಟವೆಲ್ಲು ತೂಗಲು ಮೊಳೆ ಹೊಡೆದದ್ದು ಮಾಂಥೋಸ್. ಅಡುಗೆಮನೆಯಲ್ಲಿ ಯಾವ ಪಾತ್ರೆ ಎಲ್ಲಿದೆ ಎಂದು ಕಣ್ಣು ಮುಚ್ಚಿಕೊಂಡು ಹೇಳಬಲ್ಲವಳು ಎವಾಂಥಿಯಾ. ಬಾಡಿಗೆಯವರು ಅನ್ನುವ ಮಾತೇ ಆ ಮನೆಯಲ್ಲಿ ಯಾವತ್ತೋ ಸತ್ತುಹೋಗಿತ್ತು. ಆಮೇಲೆ ಎರಡು ಬೇಸಿಗೆ ಬಾಗಿಲು ಮುಚ್ಚಿತು.

ಆದದ್ದು ಇಷ್ಟೇ. ಎವಾಂಥಿಯಾಳ ಕಣ್ಣು ನೀಲಿ. ನಮ್ಮಲ್ಲಿ ನೀಲಿ ಕಣ್ಣಿನವರು ಏನನ್ನಾದರೂ ಮೆಚ್ಚಿದರೆ ದೃಷ್ಟಿ ತಾಗದಂತೆ ಅದರ ಹಿಂದೆಯೇ ಮೂರು ಸಲ ಥೂ ಥೂ ಥೂ ಎಂದು ಉಗಿದುಬಿಡಬೇಕು. ಕೂಸಾದರೂ ಸರಿ, ಮೇಕೆಯಾದರೂ ಸರಿ. ಎವಾಂಥಿಯಾ ಹುಟ್ಟಿದಾಗಿನಿಂದ ಉಗಿದುಕೊಂಡೇ ಬಂದವಳು, ಯಾರೂ ಅವಳಿಗೆ ಹೇಳಿಕೊಡಬೇಕಿರಲಿಲ್ಲ. ಆದರೆ ಮೂರು ವರ್ಷದ ಹಿಂದೆ ಆಗಸ್ಟ್ ಕೊನೆಗೆ ಊರಿಗೆ ಹೊರಟು ಅಂಗಳದಲ್ಲಿ ನಿಂತಾಗ ಅರ್ಗಿರೋ ಅಕ್ಕ ಅವಳ ಬಾಯಿಗೆ ಎಳ್ಳಿನ ಬಿಸ್ಕತ್ತು ತುರುಕಿದ್ದಳು. ಹಡಗು ಕೂಗಿತು. ಎವಾಂಥಿಯಾ ಮೇಲೆ ನೋಡಿದಳು. ಅರ್ಗಿರೋಳ ಅಪ್ಪ ನೆಟ್ಟ ದ್ರಾಕ್ಷಿ ಬಳ್ಳಿ ಇಡೀ ಅಂಗಳಕ್ಕೆ ಚಪ್ಪರವಾಗಿ, ಒಂದೊಂದು ಗೊಂಚಲೂ ಮೊಣಕೈಯಷ್ಟು ಉದ್ದಕ್ಕೆ ಇಳಿಬಿದ್ದಿತ್ತು. "ಅಬ್ಬಾ, ಎಷ್ಟು ಚೆನ್ನಾಗಿದೆ ಕಣಕ್ಕಾ ಈ ವರ್ಷ" ಎಂದಳು ಬಿಸ್ಕತ್ತು ಅಗಿಯುತ್ತ. ಬಾಯಿ ತುಂಬಿತ್ತು, ಹಡಗು ಮತ್ತೆ ಕೂಗಿತು, ಉಗಿಯಲಿಲ್ಲ.

ಹತ್ತು ದಿನದಲ್ಲಿ ಬಳ್ಳಿ ಒಣಗಿತು. ಎಲೆ ಸುರುಟಿ, ಗೊಂಚಲು ಕಪ್ಪಾಗಿ, ಕಾಂಡ ಸೌದೆಯಾಯಿತು. ಮುಂದಿನ ಬೇಸಿಗೆಗೆ ಫೋನ್ ಮಾಡಿದರೆ ಮನೆ ತುಂಬಿದೆ ಎಂದಳು ಅರ್ಗಿರೋ. ಅದರ ಮುಂದಿನ ವರ್ಷವೂ ತುಂಬಿತ್ತು. ತುಂಬಿದ್ದು ಸುಳ್ಳು, ಕೋಣೆ ಬೀಗ ಹಾಕಿಕೊಂಡು ಬಿದ್ದಿದೆ ಎಂದು ಅರ್ಗಿರೋಳ ತಮ್ಮ ಪಾಂದೆಲಿಸನೇ ಬಾಯಿ ತಪ್ಪಿ ಹೇಳಿದ್ದ. ಬಳ್ಳಿಯ ಸುದ್ದಿಯನ್ನೂ ಅವನೇ ಕೊಟ್ಟಿದ್ದ.

ಕೋಣೆ ಹೋದರೆ ಹೋಗಲಿ ಅನ್ನಬಹುದಿತ್ತು. ಆದರೆ ಆ ಸುದ್ದಿ ಎವಾಂಥಿಯಾಳ ಒಳಗೆ ಇಳಿದು ಕೂತುಬಿಟ್ಟಿತ್ತು. ನಿಜವಾಗಿಯೂ ತನ್ನ ಕಣ್ಣು ಅಷ್ಟು ಕೆಟ್ಟದ್ದೇ? ಮಗನಿಗೆ ಹೆಣ್ಣುಮಗು ಹುಟ್ಟಿ ಒಂದೂವರೆ ವರ್ಷವಾಗಿತ್ತು. ಆ ಕೂಸಿನ ಮುಖವನ್ನು ಅಜ್ಜಿ ಇನ್ನೂ ನೆಟ್ಟಗೆ ನೋಡಿರಲಿಲ್ಲ. ಕಾಲಿನ ಬೆರಳು ನೋಡಿಕೊಂಡು ಆಡಿಸುತ್ತಿದ್ದಳು. ಹೀಗೆ ಬದುಕುವುದಕ್ಕಾಗುತ್ತದೆಯೇ? ಅದಕ್ಕೇ ಬಂದಿದ್ದಳು. ಗುರುವಾರದವರೆಗೆ ಮೂರು ದಿನ. ಅಷ್ಟರೊಳಗೆ ಅರ್ಗಿರೋ ಅಕ್ಕ ಮೊದಲಿನಂತೆ ತನ್ನನ್ನು ಮನೆಯೊಳಕ್ಕೆ ಕರೆದರೆ ಸರಿ. ಇಲ್ಲವಾದರೆ ಗುರುವಾರದ ಹಡಗು ಹತ್ತುವುದು, ಮತ್ತೆ ಈ ಕಡೆ ತಲೆ ಹಾಕಿಯೂ ಮಲಗದಿರುವುದು.

ಹಡಗು ನಿಲ್ಲುವ ಧಕ್ಕೆಯ ಮೇಲೆ ಪಾಂದೆಲಿಸ್ ತನ್ನ ಮೂರು ಗಾಲಿಯ ಗಾಡಿಯೊಂದಿಗೆ ಕಾದಿದ್ದ. ಧಕ್ಕೆಯ ಹತ್ತಿರ ಅವನದೊಂದು ಕಾಫಿ ಅಂಗಡಿ. ಮದುವೆಯಾಗದ ಗಂಡಸು, ಅರವತ್ತು ದಾಟಿದರೂ ಮೀಸೆಗೆ ಎಣ್ಣೆ ಹಚ್ಚುವುದು ಬಿಟ್ಟಿರಲಿಲ್ಲ. ಅವಳ ಗಂಟನ್ನು ಎತ್ತಿ ಹಾಕುತ್ತ ಅಂಗಡಿಯ ಮೇಲಿನ ಕೋಣೆ ಗುಡಿಸಿಟ್ಟಿದ್ದೇನೆ ಎಂದ. ತನ್ನ ಗಾಡಿಯನ್ನು ಮಾತ್ರ ನೋಡಿ ಹೊಗಳಬೇಡ, ಎಂಜಿನ್ ಈಗಷ್ಟೇ ರಿಪೇರಿಯಾಗಿದೆ ಎಂದು ನಕ್ಕ. ಅವನಿಗದು ತಮಾಷೆ. ಎವಾಂಥಿಯಾ ಕಪ್ಪು ಕನ್ನಡಕ ಹಾಕಿಕೊಂಡಳು.

ಮೇಲಿನ ಕೋಣೆಯಲ್ಲಿ ದಿಂಬು ಇಟ್ಟಳು, ತನ್ನ ಕಾಫಿ ಪಾತ್ರೆ ಇಟ್ಟಳು, ಟವೆಲ್ಲು ತೂಗಲು ಮೊಳೆ ಹುಡುಕಿದಳು, ಇರಲಿಲ್ಲ. ಕುರ್ಚಿಯ ಬೆನ್ನಿಗೆ ಹಾಕಿದಳು. ಕಿಟಕಿ ತೆರೆದರೆ ಕೊಲ್ಲಿಯ ಆಚೆ ದಡದಲ್ಲಿ ಅರ್ಗಿರೋಳ ಮನೆ, ನೀಲಿ ಬಾಗಿಲು, ಅಂಗಳದ ಮೇಲೆ ಬರೀ ಕಬ್ಬಿಣದ ಸರಳು. ನಡುವೆ ನೀರು ಅಲ್ಲಾಡದೆ ಮಲಗಿತ್ತು. ಮೀನಿನ ದೋಣಿಯೊಂದು ಸದ್ದಿಲ್ಲದೆ ಹಾದುಹೋಯಿತು. ಅದರ ನೆರಳು ತಳದ ಮರಳಿನ ಮೇಲೆ ಅದರ ಜೊತೆಗೇ ಹೋಯಿತು. ಎಷ್ಟು ಹೊತ್ತು ಹಾಗೆ ನಿಂತಿದ್ದಳೋ, ಸ್ಟವ್ ಮೇಲಿಟ್ಟ ಕಾಫಿ ಉಕ್ಕಿ ಆರಿಯೇ ಹೋಗಿತ್ತು.

ಹತ್ತು ಗಂಟೆಗೆ ನೀರಿಗಿಳಿಯುವುದು ಪ್ಲಾಕಾದ ಹೆಂಗಸರ ಪದ್ಧತಿ. ಈಜುವುದು ಯಾರಿಗೆ ಬೇಕು? ತಲೆಗೆ ಹುಲ್ಲಿನ ಟೋಪಿ ಹಾಕಿಕೊಂಡು ಕುತ್ತಿಗೆಮಟ್ಟದ ನೀರಿನಲ್ಲಿ ವರ್ತುಲವಾಗಿ ನಿಂತು ಒಂದೂವರೆ ಗಂಟೆ ಮಾತಾಡುವುದು. ಯಾರು ಎಲ್ಲಿ ನಿಲ್ಲಬೇಕೆಂಬುದು ಎಂದೋ ಗೊತ್ತಾಗಿದೆ, ಚರ್ಚಿನ ಕುರ್ಚಿಗಿಂತ ಖಾಯಂ. ಚಪ್ಪಟೆ ಬಂಡೆಗೂ ಅರ್ಗಿರೋಳಿಗೂ ನಡುವಿನ ಜಾಗ ಎವಾಂಥಿಯಾಳದು. ಎರಡು ವರ್ಷ ಅದನ್ನು ಯಾರೂ ತುಂಬಿರಲಿಲ್ಲ. ಅವಳು ನೀರಿಗಿಳಿದಾಗ ಟೋಪಿಗಳೆಲ್ಲ ತಿರುಗಿದವು. ಈ ಸಲದ್ದು ಎಷ್ಟನೇ ಸ್ನಾನ ಎಂದು ಕೇಳಿದರು. ಮೊದಲನೆಯದು ಎಂದಾಗ ಜುಲೈ ಅರ್ಧ ಕಳೆದರೂ ಮೊದಲನೆಯದೇ ಎಂದು ಮರುಗಿದರು. ಬೇಸಿಗೆಗೆ ಇಷ್ಟು ಸ್ನಾನ ಎಂದು ಎಣಿಸಿ, ಬೆಸ ಸಂಖ್ಯೆಗೆ ನಿಲ್ಲಿಸಿದರೆ ಚಳಿಗಾಲವಿಡೀ ಮೂಳೆ ನೋಯುವುದಿಲ್ಲವೆಂದು ನಮ್ಮವರ ಲೆಕ್ಕ. ಅರ್ಗಿರೋಳದು ಆಗಲೇ ಇಪ್ಪತ್ತಮೂರಾಗಿತ್ತು.

ಅರ್ಗಿರೋ ಮಾತ್ರ ಟೋಪಿಯ ಅಂಚನ್ನು ಸ್ವಲ್ಪ ಎತ್ತಿದಳು. "ಬನ್ನಿ. ಪ್ರಯಾಣ ಸುಖವಾಗಿತ್ತಾ ನಿಮಗೆ?" ಎಂದಳು.

ಬನ್ನಿ! ನಿಮಗೆ! ಮೂವತ್ತೊಂದು ವರ್ಷ 'ಏನೇ', 'ಬಾರೇ', 'ಲೇ ಹುಡುಗಿ' ಎಂದ ಬಾಯಿ ಅದು. ಬೈದಿದ್ದರೂ ಎವಾಂಥಿಯಾಳಿಗೆ ಇಷ್ಟು ನೋಯುತ್ತಿರಲಿಲ್ಲ. ಸುಖವಾಗಿತ್ತು ಎಂದು ಹೇಳಿ ತನ್ನ ಜಾಗದಲ್ಲಿ ನಿಂತಳು. ಅರ್ಗಿರೋ ಮೆಲ್ಲಗೆ ಹಡಗಿನ ದಾರಿಯ ಕಡೆಗೆ ತಿರುಗಿಕೊಂಡಳು. ನೀರಿನಲ್ಲಿ ಹಾಗೆ ತಿರುಗುವುದು ಸುಲಭ, ಯಾರಿಗೂ ತಿಳಿಯುವುದಿಲ್ಲ. ಉಳಿದವರು ಟೊಮೇಟೊ ಒಣಗಿಸುವ ಮಾತಾಡಿದರು. ನೀರಿನಲ್ಲಿ ಎವಾಂಥಿಯಾಳ ಕೈ ಅವಳದಲ್ಲದ ಕೈಯಂತೆ ಬೆಳ್ಳಗೆ ತೇಲುತ್ತಿತ್ತು.

ಮರುದಿನವೂ ಅಷ್ಟೇ. ಬನ್ನಿ, ನಿದ್ದೆ ಬಂತಾ, ಮಾಂಥೋಸ್ ಅವರು ಹೇಗಿದ್ದಾರೆ. ಕಾಲು ಬಿದ್ದುಹೋಗಿದೆ, ಮೆಟ್ಟಿಲು ಹತ್ತಲಾರರು ಎಂದಳು ಎವಾಂಥಿಯಾ. ಟೋಪಿಯ ಕೆಳಗೆ ಅರ್ಗಿರೋಳ ಮುಖ ಸುಣ್ಣದ ಬಣ್ಣಕ್ಕೆ ತಿರುಗಿದ್ದನ್ನು ನೋಡಿ ಎವಾಂಥಿಯಾ ಬೇಗನೆ ಕಣ್ಣು ತಗ್ಗಿಸಿದಳು. ಇವತ್ತು ಬಿಸಿಲು ಜಾಸ್ತಿ ಎಂದು ಅರ್ಗಿರೋ ಎಲ್ಲರಿಗಿಂತ ಮೊದಲು ನೀರಿನಿಂದೆದ್ದು ಹೋದಳು.

ಬುಧವಾರ ಅವಳು ನೀರಿಗೇ ಬರಲಿಲ್ಲ. ತಲೆನೋವಂತೆ, ನಿನ್ನೆಯಿಂದ ವಾಂತಿಯಂತೆ ಎಂದು ಹೆಂಗಸರು ಮಾತಾಡಿಕೊಂಡರು. ಯಾರೂ ಎವಾಂಥಿಯಾಳ ಕಡೆ ನೋಡಲಿಲ್ಲ. ಅದು ಅವಳಿಗೆ ಅರ್ಥವಾಯಿತು. ಕೋಣೆಗೆ ಬಂದು ನಾಳೆಯ ಹಡಗಿಗೆ ಗಂಟು ಕಟ್ಟಿದಳು.

ಮಧ್ಯಾಹ್ನ ಎರಡರಿಂದ ಐದರವರೆಗೆ ದ್ವೀಪ ಸತ್ತಂತೆ ಮಲಗುತ್ತದೆ. ನೀರಿಗೆ ತಾಗಿ ಮೇಲೆದ್ದ ಬಿಸಿಲು ಕಿಟಕಿ ಬಾಗಿಲ ಸೀಳುಗಳಿಂದ ಒಳಬಂದು ಮಾಡಿನ ಮೇಲೆ ಹೊಳೆಯುತ್ತಿತ್ತು. ಜೀರುಂಡೆಗಳ ಸದ್ದು ಎಷ್ಟು ಒಂದೇ ಸಮ ಇತ್ತೆಂದರೆ ಕೊನೆಗೆ ಸದ್ದೇ ಇಲ್ಲವೇನೋ ಅನಿಸುತ್ತಿತ್ತು. ಎವಾಂಥಿಯಾ ಮಲಗಿದ್ದಳೋ ಎಚ್ಚರವಿದ್ದಳೋ ಅವಳಿಗೇ ತಿಳಿಯದು. ನಲವತ್ತರ ಮಾಂಥೋಸ್ ಒದ್ದೆ ಮೈಯಲ್ಲಿ ಬಂದು ಮಂಚದ ಕಾಲ ಬುಡದಲ್ಲಿ ಕೂತ. ಅಷ್ಟೇನೂ ದೊಡ್ಡವನಲ್ಲದ ಮಗ ಅಂಗಳದಲ್ಲಿ ಕಲ್ಲಂಗಡಿ ಬೀಜ ಉಗುಳುತ್ತಿದ್ದ. ಅರ್ಗಿರೋ ಅಕ್ಕ ಚಪ್ಪರದ ನೆರಳಲ್ಲಿ ಬದನೆಕಾಯಿ ಹೆಚ್ಚುತ್ತ ಯಾರದೋ ಮದುವೆಯ ಕಥೆ ಹೇಳುತ್ತಿದ್ದಳು. ಕಥೆ ಮುಗಿಯುತ್ತಿರಲಿಲ್ಲ, ಬದನೆಕಾಯಿಯೂ ಮುಗಿಯುತ್ತಿರಲಿಲ್ಲ. ಎಲ್ಲ ಬೇಸಿಗೆಗಳೂ ಒಂದರೊಳಗೊಂದು ಸೇರಿ ಒಂದೇ ಉದ್ದನೆಯ ಮಧ್ಯಾಹ್ನವಾಗಿತ್ತು, ಅದರಲ್ಲಿ ಯಾರಿಗೂ ವಯಸ್ಸಾಗಿರಲಿಲ್ಲ. ಆ ಮಧ್ಯಾಹ್ನದೊಳಗೆ ಯಾರೋ ಬಾಗಿಲು ಬಡಿದರು.

ಕೆಳಗಿಳಿದು ಅಂಗಡಿಯ ಬಾಗಿಲು ತೆರೆದರೆ ಅರ್ಗಿರೋ. ಹಣೆಗೆ ಬಿಗಿಯಾಗಿ ಬಟ್ಟೆ ಕಟ್ಟಿಕೊಂಡು, ಬೆಳಕಿಗೆ ಕಣ್ಣು ಕಿರಿದು ಮಾಡಿಕೊಂಡು, ಗೋಡೆ ಹಿಡಿದು ನಿಂತಿದ್ದಳು.

"ನನ್ನ ತಮ್ಮ ಇಲ್ವಾ?"

ಗ್ಯಾಸ್ ಸಿಲಿಂಡರ್ ತರಲು ಪಕ್ಕದ ದ್ವೀಪಕ್ಕೆ ಹೋಗಿದ್ದಾನೆ, ಬರುವುದು ನಾಳೆ ಎಂದಳು ಎವಾಂಥಿಯಾ. ಅರ್ಗಿರೋ ಅಲ್ಲೇ ಮೊದಲ ಕುರ್ಚಿಯ ಮೇಲೆ ಕುಸಿದಳು. ತಲೆ ಸೀಳಿಹೋಗುತ್ತಿದೆ ಎಂದಳು. ಇಡೀ ದ್ವೀಪಕ್ಕೆ ದೃಷ್ಟಿ ತೆಗೆಯುವವಳು ಅವಳೇ. ಆದರೆ ತನ್ನ ದೃಷ್ಟಿ ತಾನೇ ತೆಗೆದುಕೊಳ್ಳುವಂತಿಲ್ಲ. ದೃಷ್ಟಿ ತೆಗೆಯುವ ಮಂತ್ರವೂ ಹಾಗೆ ಸುಮ್ಮನೆ ಕಲಿಯುವಂಥದ್ದಲ್ಲ. ಗಂಡಸು ಹೆಂಗಸಿಗೆ ಕೊಡಬೇಕು, ಹೆಂಗಸು ಗಂಡಸಿಗೆ. ಹೆಂಗಸು ಹೆಂಗಸಿಗೆ ಕೊಟ್ಟರೆ ಅದು ಬರೀ ಮಾತು. ಅರ್ಗಿರೋ ತಮ್ಮನಿಗೆ ಕೊಟ್ಟಿದ್ದಳು. ಅವನಿಲ್ಲದಿದ್ದರೆ ಯಾರೂ ಇಲ್ಲ.

"ನಾನು ತೆಗೀತೀನಿ" ಎಂದಳು ಎವಾಂಥಿಯಾ.

"ನಿಮಗೆ ಯಾರು ಕೊಟ್ರು?"

"ನಮ್ಮವರು. ಅವರಿಗೆ ಕೊಟ್ಟಿದ್ದು ನೀನೇ ಅಕ್ಕ. ಮಗೂಗೆ ಜ್ವರ ಬಂದಿತ್ತಲ್ಲ, ಆ ವರ್ಷ."

ಅರ್ಗಿರೋ ಕಣ್ಣು ಮುಚ್ಚಿದಳು. ಬೇಡ ಅನ್ನಲಿಲ್ಲ.

ಎವಾಂಥಿಯಾ ತಟ್ಟೆಗೆ ನೀರು ಹಾಕಿದಳು. ಅವಳೇನು ದಡ್ಡಿಯೇ? ತಾನು ಯಾವ ಬಾವಿಗೆ ಬಗ್ಗುತ್ತಿದ್ದೇನೆಂದು ಅವಳಿಗೆ ಗೊತ್ತಿತ್ತು. ಎಣ್ಣೆಯ ಹನಿ ನೀರಿನ ಮೇಲೆ ಗುಂಡಗೆ ನಿಂತರೆ ದೃಷ್ಟಿಯಿಲ್ಲ; ಒಡೆದು ಹರಡಿದರೆ ದೃಷ್ಟಿ ತಾಗಿದೆ. ತಾನು ಬಂದ ಮೂರೇ ದಿನಕ್ಕೆ ಬಂದ ತಲೆನೋವು ಇದು. ಹರಡಿತೆಂದರೆ ಬೇರೆ ಯಾರನ್ನು ಹುಡುಕಬೇಕು? ಬಳ್ಳಿಯೂ ಅವಳ ತಲೆಗೇ, ಮಾಂಥೋಸನ ಕಾಲೂ ಅವಳ ತಲೆಗೇ. ಆಮೇಲೆ ಆ ಕೂಸಿನ ಮುಖ ಸಾಯುವವರೆಗೂ ನೋಡುವಂತಿಲ್ಲ. ಆದರೂ ಬೆರಳನ್ನು ಎಣ್ಣೆಯಲ್ಲಿ ಅದ್ದಿದಳು. ತುಟಿಯೊಳಗೇ ಮಂತ್ರ ಹೇಳುತ್ತ ಒಂದು, ಎರಡು, ಮೂರು ಹನಿ ಬಿಟ್ಟಳು.

ಮೂರೂ ನಿಂತವು. ಗುಂಡಗೆ, ಹಳದಿಯಾಗಿ, ಅಲ್ಲಾಡದೆ. ದೃಷ್ಟಿಯಿದ್ದರೆ ತೆಗೆಯುವವರಿಗೆ ಆಕಳಿಕೆಯ ಮೇಲೆ ಆಕಳಿಕೆ ಬರಬೇಕು, ಒಂದೂ ಬರಲಿಲ್ಲ. ಅರ್ಗಿರೋ ಒಂದು ಕಣ್ಣು ತೆರೆದು ತಟ್ಟೆ ನೋಡಿದಳು.

"ಇನ್ನೊಂದ್ಸಲ ಹಾಕು."

ನೀರು ಬದಲಿಸಿ ಮತ್ತೆ ಹಾಕಿದಳು. ಮತ್ತೆ ನಿಂತವು. ಮೂರನೇ ಸಲವೂ. ಅರ್ಗಿರೋ ಹಣೆಯ ಬಟ್ಟೆ ಬಿಚ್ಚಿ ಅದರಲ್ಲಿ ಮುಖ ಮುಚ್ಚಿಕೊಂಡಳು. ನೋವಿಗೆ ಅಳುತ್ತಿದ್ದಾಳೆ ಎಂದುಕೊಂಡಳು ಎವಾಂಥಿಯಾ.

"ಹರಡಲಿ ಅಂತ ಬೇಡ್ಕೊಳ್ತಾ ಇದ್ದೆ ಕಣೇ" ಎಂದಳು ಅರ್ಗಿರೋ ಬಟ್ಟೆಯೊಳಗಿನಿಂದಲೇ. "ಹರಡಿದ್ರೆ ನಾನು ಬಚಾವಾಗ್ತಿದ್ದೆ."

ಆಮೇಲೆ ಎಲ್ಲ ಹೇಳಿದಳು. ಪ್ರತಿ ವರ್ಷ ಅವರು ಹೋದ ಮರುದಿನ ಅವಳಿಗೆ ಮನೆಯಲ್ಲಿ ಕೂರಲಾಗುತ್ತಿರಲಿಲ್ಲ. ಮಹಡಿಯಲ್ಲಿ ಹೆಜ್ಜೆ ಸದ್ದಿಲ್ಲ, ಮಾಂಥೋಸನ ಕೆಮ್ಮಿಲ್ಲ. ಆ ಮೌನ ಕೇಳಲಾರದೆ ಬೆಳಗಿನಿಂದ ಸಂಜೆವರೆಗೆ ಮನೆ ಉಜ್ಜುತ್ತಿದ್ದಳು. ಆ ವರ್ಷ ಅಂಗಳದ ಕಲ್ಲಿನ ಮೇಲೆ ಬಿದ್ದು ತುಳಿಸಿಕೊಂಡ ದ್ರಾಕ್ಷಿಯ ಕಲೆ ಎಷ್ಟು ಉಜ್ಜಿದರೂ ಹೋಗಲಿಲ್ಲ. ಬಚ್ಚಲಿಗೆಂದು ತಂದಿದ್ದ ಆಸಿಡ್ ಕ್ಯಾನು ತಂದು ಅರ್ಧ ಸುರಿದಳು. ಅಳುತ್ತ ಸುರಿದಳು, ಎಲ್ಲಿಗೆ ಹರಿಯುತ್ತಿದೆ ಎಂದು ನೋಡಲಿಲ್ಲ. ನೊರೆಯೆಲ್ಲ ಇಳಿಜಾರಿನಲ್ಲಿ ಬಳ್ಳಿಯ ಬುಡಕ್ಕೆ ಹೋಯಿತು.

"ನಾಕೇ ದಿನಕ್ಕೆ ಗೊತ್ತಾಯ್ತು ನನಗೆ. ಬುಡದಲ್ಲಿ ಬೇರು ಕೆದಕಿ ನೋಡಿದೆ, ಸುಟ್ಟುಹೋಗಿತ್ತು. ನನ್ನಪ್ಪ ನೆಟ್ಟ ಬಳ್ಳಿ. ಅದನ್ನ ನಾನೇ ಕೊಂದೆ ಅಂತ ಹೇಳೋಕೆ ಬಾಯಿ ಬರಲಿಲ್ಲ. ಪಾಂದೆಲಿಸ್ ಬಂದು ನೋಡಿ, ಆ ನೀಲಿ ಕಣ್ಣಿನವಳು ಹೊಗಳಿ ಉಗಿಯದೇ ಹೋದಳಲ್ಲ, ಅದೇ ಅಂದ. ನಾನು ಸುಮ್ಮನಿದ್ದೆ. ಅಷ್ಟೇ ಮಾಡಿದ್ದು ನಾನು, ಸುಮ್ಮನಿದ್ದೆ. ಆಮೇಲೆ ನಿನ್ನ ಮುಖ ನೋಡೋದು ಹೇಗೆ? ಮನೆ ತುಂಬಿದೆ ಅಂದುಬಿಟ್ಟೆ."

ಎವಾಂಥಿಯಾಳಿಗೆ ಮೊದಲು ಬಂದದ್ದು ನಗು. ಅವಳು ಈ ಗಳಿಗೆಯನ್ನು ಎಷ್ಟೋ ಸಲ ಕನಸು ಕಂಡಿದ್ದಳು. ಕನಸಿನಲ್ಲಿ ಯಾವಾಗಲೂ ಅವಳು ಅರ್ಗಿರೋಳನ್ನು ತಬ್ಬಿಕೊಳ್ಳುತ್ತಿದ್ದಳು. ಈಗ ಕೈ ಏಳಲಿಲ್ಲ. ತಟ್ಟೆಯನ್ನು ಮೇಜಿನ ಆಚೆಗೆ ತಳ್ಳಿದಳು.

"ಎರಡು ಬೇಸಿಗೆ ಅಕ್ಕ" ಎಂದಳು. "ನಮ್ಮ ವಯಸ್ಸಲ್ಲಿ ಎರಡು ಬೇಸಿಗೆ ಅಂದ್ರೆ ಏನು ಗೊತ್ತಾ? ಹೋದ ವರ್ಷ ಬಂದಿದ್ರೆ ಅವರು ಆ ಮೆಟ್ಟಿಲು ಹತ್ತುತ್ತಿದ್ರು. ಇನ್ನು ಹತ್ತಲ್ಲ. ನನ್ನ ಮೊಮ್ಮಗಳ ಕಣ್ಣು ಯಾವ ಬಣ್ಣ ಅಂತ ಕೇಳು, ನನಗೆ ಗೊತ್ತಿಲ್ಲ."

ಅರ್ಗಿರೋ ಸಮಾಧಾನ ಹೇಳಲು ಹೋಗಲಿಲ್ಲ, ಅದೊಂದು ಪುಣ್ಯ. ನಾಳೆ ಹತ್ತು ಗಂಟೆಗೆ ನೀರಿನಲ್ಲಿ ಎಲ್ಲರೆದುರು ಹೇಳುತ್ತೇನೆ ಎಂದಳು, ತಮ್ಮನಿಗೂ ಹೇಳುತ್ತೇನೆ, ಅವನು ಊರಿಡೀ ಡಂಗುರ ಹೊಡೆಯಲಿ. ಅವರಿಗೆ ಹೇಳುವುದು ಆಮೇಲೆ ಎಂದಳು ಎವಾಂಥಿಯಾ. ಫೋನ್ ತೆಗೆದು ಮನೆಯ ನಂಬರ್ ಒತ್ತಿ ಅರ್ಗಿರೋಳ ಮುಂದಿಟ್ಟಳು. ಮಾಂಥೋಸನಿಗೆ ಕಿವಿ ಮಂದ; ಸ್ಪೀಕರ್ ಹಾಕದಿದ್ದರೆ ಅರ್ಧ ಕೇಳುವುದಿಲ್ಲ.

ಅರ್ಗಿರೋ ಮತ್ತೊಮ್ಮೆ ಮೊದಲಿನಿಂದ ಹೇಳಿದಳು, ಈ ಸಲ ಗಟ್ಟಿಯಾಗಿ, ಬಿಟ್ಟು ಬಿಟ್ಟು, ಆಸಿಡ್ ಎಂಬ ಮಾತನ್ನು ಎರಡೆರಡು ಸಲ ಕೂಗಿ. ಮಹಡಿಯ ಕೋಣೆ ಬೇಡ, ಕೆಳಗಿನ ನನ್ನ ಕೋಣೆಯನ್ನೇ ಬಿಟ್ಟುಕೊಡುತ್ತೇನೆ, ಒಂದು ಮೆಟ್ಟಿಲೂ ಇಲ್ಲ, ಬಾ ಎಂದಳು. ಮಾಂಥೋಸನ ಕಿಟಕಿಯ ಕೆಳಗೆ ಬಸ್ಸೊಂದು ಹಾದುಹೋದ ಸದ್ದು ಬಂತು. ಸಂಪರ್ಕ ತಪ್ಪಿತೇನೋ ಎಂದು ಎವಾಂಥಿಯಾ ಬಗ್ಗಿ ನೋಡಿದಳು.

"ಎವಾಂಥಿಯಾ ಇದ್ದಾಳಾ ಅಲ್ಲಿ?" ಎಂದ ಮಾಂಥೋಸ್ ಕೊನೆಗೆ.

"ಇದ್ದೀನಿ."

"ಕಾಲು ಹೋದಾಗ ನಾನೂ ನಿನ್ನ ಕಣ್ಣೇ ತಾಗಿದ್ದು ಅಂದ್ಕೊಂಡಿದ್ದೆ ಕಣೇ. ಹೇಳಿರಲಿಲ್ಲ ನಿನಗೆ."

ಎವಾಂಥಿಯಾ ಕುರ್ಚಿಯ ತುದಿಯಲ್ಲಿ ಕೂತಳು. ತಿಳಿದಿತ್ತೇ ಅವಳಿಗೆ? ತಿಳಿದಿತ್ತು. ಅವಳು ಊಟದ ತಟ್ಟೆ ತಂದಾಗ ಅವನು ಗೋಡೆಯ ಕಡೆ ತಿರುಗಿಕೊಳ್ಳುತ್ತಿದ್ದ. ಅವನು ತಿರುಗಿಕೊಳ್ಳುತ್ತಾನೆಂದು ಅವಳು ನೆಲ ನೋಡಿಕೊಂಡೇ ಒಳಗೆ ಬರುತ್ತಿದ್ದಳು. ಕಾಲು ಹೋದಾಗಿನಿಂದ ಒಂದೇ ಮನೆಯಲ್ಲಿ ಹಾಗೆ ಬಾಳಿದ್ದರು, ಅದಕ್ಕೆ ಕಾಲುನೋವು ಎಂದು ಹೆಸರಿಟ್ಟುಕೊಂಡಿದ್ದರು.

"ಗೊತ್ತಿತ್ತು ನನಗೆ" ಎಂದಳು.

ಅರ್ಗಿರೋ ಎದ್ದು ಅಡುಗೆಮನೆಯ ಕಡೆ ಹೋಗಿ ಸುಮ್ಮನೆ ಲೋಟ ತೊಳೆಯತೊಡಗಿದಳು. ಫೋನಿನಲ್ಲಿ ಮಾಂಥೋಸ್ ಮೂಗೇರಿಸಿದ್ದು ಕೇಳಿಸಿತು. ಶನಿವಾರದ ಹಡಗಿಗೆ ಮಗ ಹತ್ತಿಸುತ್ತಾನೆ, ಇಲ್ಲಿ ಇಳಿಸಿಕೊಳ್ಳಲು ಪಾಂದೆಲಿಸನಿಗೆ ಹೇಳು ಎಂದ. ನಾಳೆಯ ಟಿಕೆಟ್ಟು ಹರಿದುಹಾಕು ಎಂದ.

"ಧಕ್ಕೆ ಮೇಲೆ ನಿಂತಿರು" ಎಂದ. "ನನ್ನ ಇಳಿಸೋವಾಗ ನನ್ನನ್ನೇ ನೋಡು. ನೆಲ ನೋಡ್ಬೇಡ, ಸಮುದ್ರ ನೋಡ್ಬೇಡ. ಕಣ್ತುಂಬ ನನ್ನನ್ನೇ ನೋಡು."

ಆಗಲಿ ಎಂದಳು ಎವಾಂಥಿಯಾ.